ಶಂಕೆಯ ಬೆಲೆ ತೆತ್ತ ಹಡಗಲಿ

ರಾಜಕಾರಣದಲ್ಲಿ ಎದುರಾಳಿಯನ್ನು ಕೆಡವಲು ಬಳಸುವ ಆಯುಧಗಳು ಹಲವು. ಅವುಗಳಲ್ಲಿ ಬಹು ಹರಿತವಾದುದು 'ಇವನು ಪರದೇಶದವರ ಕೈಗೊಂಬೆ' ಎಂಬ ಮಾತು. ಅಮೆರಿಕದಲ್ಲಿ 2016ರ ಅಧ್ಯಕ್ಷ ಚುನಾವಣೆಯ ತರುವಾಯ ಈ ಮಾತು ವರ್ಷಗಟ್ಟಲೆ ಕೇಳಿಬಂದಿತು. ಟ್ರಂಪ್ ಅವರ ಕಡೆಯವರು ರಷ್ಯದೊಡನೆ ಕೈಗೂಡಿಸಿದ್ದರೇ ಎಂಬ ವಿಚಾರಣೆ ಸುಮಾರು ಎರಡು ವರ್ಷ ನಡೆಯಿತು. 2019ರಲ್ಲಿ ಹೊರಬಿದ್ದ ಮುಲ್ಲರ್ ವರದಿ ಎರಡು ಸಂಗತಿಗಳನ್ನು ಬೇರೆಬೇರೆಯಾಗಿ ಇಟ್ಟಿತು: ರಷ್ಯ ಆ ಚುನಾವಣೆಯಲ್ಲಿ ವ್ಯಾಪಕವಾಗಿ ಕೈಹಾಕಿದ್ದುದು ನಿಜ, ಆದರೆ ಟ್ರಂಪ್ ಪ್ರಚಾರ ಬಳಗ ಅದರೊಡನೆ ಸೇರಿ ಒಳಸಂಚು ನಡೆಸಿತೆಂಬುದು ಸಿದ್ಧವಾಗಲಿಲ್ಲ.

ಹೀಗೆ ಶಂಕೆಯನ್ನು ಮೊರಕ್ಕೆ ಹಾಕಿ, ಕಾಳೆಷ್ಟು ಜೊಳ್ಳೆಷ್ಟು ಎಂದು ಕೇರಿ ನೋಡದಿದ್ದರೆ ಏನಾಗುತ್ತದೆ? ಉತ್ತರಕ್ಕಾಗಿ ನಾವು ಕಡಲು ದಾಟಬೇಕಾಗಿಲ್ಲ. ನಮ್ಮ ಹೂವಿನಹಡಗಲಿಯ ಇತಿಹಾಸವೇ ಸಾಕು. ಮಲ್ಲಿಗೆಗೆ ಹೆಸರಾದ ಈ ಕನ್ನಡ ಸೀಮೆ ಒಂದೂವರೆ ಶತಮಾನ ಮದ್ರಾಸಿನ ಆಡಳಿತಕ್ಕೆ ಒಳಪಟ್ಟಿತ್ತು. ಅದೇಕೆ ಹಾಗಾಯಿತೆಂದು ಹಿಂದೆ ಹಿಂದೆ ಹೋದರೆ ನಮಗೆ ಸಿಕ್ಕುವುದು ಇಂಥದೇ ಒಂದು ಶಂಕೆ. ಆಗ ಭೂತವಾಗಿ ಕಂಡದ್ದು ರಷ್ಯವಲ್ಲ, ಫ್ರಾನ್ಸು.

1797ರಲ್ಲಿ ರಿಪೋ ಎಂಬ ಫ್ರೆಂಚ್ ನಾವಿಕನೊಬ್ಬ ಮಂಗಳೂರಿಗೆ ಬಂದಿಳಿದನು. ಮಾರಿಷಸ್ ದ್ವೀಪದಲ್ಲಿ ಫ್ರೆಂಚರ ದೊಡ್ಡ ಸೈನ್ಯ ಸಿದ್ಧವಾಗಿದೆಯೆಂದೂ ತಾನು ಅವರ ಪ್ರತಿನಿಧಿಯೆಂದೂ ಹೇಳಿಕೊಂಡನು. 1792ರ ಒಪ್ಪಂದದಲ್ಲಿ ಅರ್ಧ ರಾಜ್ಯ ಕಳೆದುಕೊಂಡಿದ್ದ ಟೀಪೂ ಸುಲ್ತಾನನಿಗೆ ಈ ಮಾತು ಹಿತವಾಗಿ ಕೇಳಿಸಿದ್ದರೆ ಆಶ್ಚರ್ಯವಿಲ್ಲ. ಅವನ ದೂತರು ರಿಪೋನೊಡನೆ ಮಾರಿಷಸ್ಸಿಗೆ ಹೋದರು. ಅಲ್ಲಿ ಸೈನ್ಯವಿರಲಿಲ್ಲ. ಗುಟ್ಟಾಗಿ ನಡೆಯಬೇಕಾಗಿದ್ದ ಮಾತುಕತೆಯನ್ನು ಗವರ್ನರ್ ಮಾಲಾರ್ತಿಕ್ 1798ರ ಜನವರಿ 30ರಂದು ಅಚ್ಚು ಹಾಕಿಸಿ, ಟೀಪೂವಿನ ಸಹಾಯಕ್ಕೆ ಸ್ವಯಂಸೇವಕರು ಬೇಕೆಂದು ಡಂಗುರ ಹೊಡೆಸಿಬಿಟ್ಟನು. ಕೊನೆಗೆ ಮಂಗಳೂರಿಗೆ ಬಂದವರು ಸುಮಾರು ನೂರು ಮಂದಿ!

ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ವರ್ಷಕ್ಕೊಮ್ಮೆ ಗೊರವಪ್ಪ ಬಿಲ್ಲನ್ನೇರಿ ಒಂದೇ ವಾಕ್ಯದ ಕಾರಣಿಕ ನುಡಿಯುತ್ತಾನೆ. ರೈತ ಅದರಲ್ಲಿ ಮಳೆಯನ್ನು ಕೇಳುತ್ತಾನೆ. ರಾಜಕಾರಣಿ ಕುರ್ಚಿಯನ್ನು ಕೇಳುತ್ತಾನೆ. ಮಾಲಾರ್ತಿಕನ ಪ್ರಕಟಣೆಯ ಗತಿಯೂ ಅದೇ ಆಯಿತು. ಆಗತಾನೆ ಕಲ್ಕತ್ತೆಗೆ ಬಂದಿದ್ದ ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಅದರಲ್ಲಿ ಯುದ್ಧದ ಕಹಳೆ ಕೇಳಿಸಿತು. ಬಂದವರು ಅಲ್ಪಸಂಖ್ಯೆಯವರೆಂಬುದು ಕಲ್ಕತ್ತೆಗೆ ತಿಳಿಯದ ಸಂಗತಿಯಲ್ಲ. 1798ರ ಆಗಸ್ಟಿನಲ್ಲಿ ನೈಲ್ ನದಿಯ ಮುಖದಲ್ಲಿ ನೆಲ್ಸನ್ ಫ್ರೆಂಚ್ ನೌಕಾಬಲವನ್ನು ಧ್ವಂಸ ಮಾಡಿದ ಮೇಲಂತೂ ನೆಪೋಲಿಯನ್ ಈಜಿಪ್ಟಿನಿಂದ ಹೊರಡುವ ದಾರಿಯೇ ಮುಚ್ಚಿಹೋಯಿತು. ಭಯಕ್ಕೆ ಕಾರಣ ಕುಗ್ಗಿತು. ದಂಡಯಾತ್ರೆಯ ಸಿದ್ಧತೆ ಮಾತ್ರ ಕುಗ್ಗಲಿಲ್ಲ.

ಟೀಪೂ ಫ್ರೆಂಚರ ನೆರವು ಬೇಡಿದ್ದು ಸುಳ್ಳೆಂದು ನಾನು ವಾದಿಸುವುದಿಲ್ಲ, ಅದು ನಿಜ. ಆದರೆ ಸ್ವತಂತ್ರ ದೊರೆಯೊಬ್ಬ ಮಿತ್ರರನ್ನು ಅರಸುವುದು ಬೇರೆ, ಪರರ ಕೈಗೊಂಬೆಯಾಗುವುದು ಬೇರೆ. ಶ್ರೀರಂಗಪಟ್ಟಣದಲ್ಲಿ ಫ್ರೆಂಚರು 'ಜಾಕೊಬಿನ್ ಸಂಘ' ಕಟ್ಟಿ ಸ್ವಾತಂತ್ರ್ಯದ ವೃಕ್ಷ ನೆಟ್ಟರೆಂಬ ಪ್ರಸಿದ್ಧ ಕಥೆಯನ್ನು ನೋಡಿ. ಕೋಟೆ ಬಿದ್ದ ಮೇಲೆ ಅರಮನೆಯಲ್ಲಿ ಸಿಕ್ಕವೆಂದು ಕುಂಪಣಿಯವರೇ ಪ್ರಕಟಿಸಿದ ಕಾಗದಗಳು ಅದಕ್ಕೆ ಆಧಾರ. ಆ ಕಾಗದಗಳನ್ನು ಇತಿಹಾಸಕಾರರು ಸಂಶಯದಿಂದ ನೋಡಿರುವುದುಂಟು. ಗೆದ್ದವನೇ ಸಾಕ್ಷಿಯನ್ನು ಅಚ್ಚುಮಾಡಿಸಿದಾಗ ಓದುಗ ಎಚ್ಚರದಿಂದಿರಬೇಕು.

ಇದೇ ಶಂಕೆ ಹೈದರಾಬಾದಿನಲ್ಲಿ ಇನ್ನೊಂದು ಕೆಲಸ ಮಾಡಿತು. ನಿಜಾಮನ ಬಳಿ ಫ್ರೆಂಚ್ ಅಧಿಕಾರಿಗಳು ಪಳಗಿಸಿದ ದೊಡ್ಡ ಪಡೆಯಿತ್ತು. 1798ರ ಸೆಪ್ಟೆಂಬರಿನ ಒಪ್ಪಂದದಂತೆ ಅದನ್ನು ಚದುರಿಸಲಾಯಿತು. ಅದರ ಬದಲು ಕುಂಪಣಿಯ ಪಡೆ ಬಂದು ನಿಂತಿತು. ಖರ್ಚು ವರ್ಷಕ್ಕೆ 24 ಲಕ್ಷ ರೂಪಾಯಿಗೂ ಮಿಕ್ಕು, ಕೊಡುವವನು ನಿಜಾಮ. ಪರದೇಶದ ಪ್ರಭಾವವನ್ನು ತೊಲಗಿಸುತ್ತೇವೆಂದವರು ತಾವೂ ಪರದೇಶದವರೇ ಎಂಬುದನ್ನು ಮರೆತಂತೆ ತೋರುತ್ತದೆ!

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟೀಪೂ ಮಡಿದನು. ಮೈಸೂರು ರಾಜ್ಯದಲ್ಲಿ ನಿಜಾಮನಿಗೂ ಪಾಲು ದೊರೆಯಿತು. ಆದರೆ ಆ ಪಾಲು ಅವನ ಕೈಯಲ್ಲಿ ಉಳಿಯಲಿಲ್ಲ. 1792ರಲ್ಲಿ ಮತ್ತು 1799ರಲ್ಲಿ ತನಗೆ ಬಂದ ಸೀಮೆಗಳನ್ನು 1800ರ ಅಕ್ಟೋಬರಿನಲ್ಲಿ, ಪಡೆಯ ವೆಚ್ಚಕ್ಕಾಗಿ, ಅವನು ಕುಂಪಣಿಗೇ ಬಿಟ್ಟುಕೊಟ್ಟನು. ಇವೇ 'ದತ್ತಮಂಡಲ'ಗಳು. ಬಳ್ಳಾರಿ, ಹರಪನಹಳ್ಳಿಗಳೊಡನೆ ಹಡಗಲಿಯೂ ಹೀಗೆ ಸಂಬಳದ ಬಾಬಿಗೆ ಸಂದುಹೋಯಿತು. ಹಡಗಲಿಯ ರೈತನನ್ನು ಯಾರೂ ಕೇಳಲಿಲ್ಲ. ಮೊದಲ ಪ್ರಧಾನ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ 1807ರವರೆಗೆ ಇಲ್ಲಿದ್ದು, ಹೊಲಗಳನ್ನು ಅಳೆಯಿಸಿ, ರಯತವಾರಿ ಪದ್ಧತಿಯನ್ನು ಬೇರೂರಿಸಿದನು. ಅವನು ಒಳ್ಳೆಯ ಆಡಳಿತಗಾರನೆಂದು ಹೆಸರಾದವನು. ಆದರೂ ಒಳ್ಳೆಯ ಕಲೆಕ್ಟರ್ ಬಂದದ್ದು, ಊರನ್ನು ಕೇಳದೆ ಕೈಬದಲಿಸಿದ್ದಕ್ಕೆ ಸಮಾಧಾನವಾಗಲಾರದು.

ಸ್ವಾರಸ್ಯವೆಂದರೆ, ಅದೇ 1798ರಲ್ಲಿ ಅಮೆರಿಕವನ್ನೂ ಇದೇ ಫ್ರೆಂಚ್ ಭೂತ ಕಾಡಿತ್ತು. ಉಪಾಧ್ಯಕ್ಷ ಜೆಫರ್ಸನ್ನನ ಪಕ್ಷದವರು ಫ್ರಾನ್ಸಿನ ಕೈಗೊಂಬೆಗಳೆಂದು ಎದುರುಪಕ್ಷ ಕೂಗಿತು. ಅಧ್ಯಕ್ಷ ಆಡಮ್ಸ್ ಪರದೇಶೀಯರ ಮೇಲೂ ಸರಕಾರವನ್ನು ಟೀಕಿಸುವವರ ಮೇಲೂ ಕಠಿಣ ಶಾಸನಗಳಿಗೆ ಸಹಿ ಹಾಕಿದನು. ಪತ್ರಿಕಾ ಸಂಪಾದಕರು ಸೆರೆಮನೆ ಸೇರಿದರು. ಮ್ಯಾಥ್ಯೂ ಲಯನ್ ಎಂಬ ಶಾಸಕನನ್ನೂ ಸೆರೆಗೆ ಹಾಕಿದರು. ಮತದಾರರು ಅವನನ್ನು ಸೆರೆಮನೆಯಲ್ಲಿರುವಾಗಲೇ ಮತ್ತೆ ಆರಿಸಿದರು. 1801ರಲ್ಲಿ ಜೆಫರ್ಸನ್ ತಾನೇ ಅಧ್ಯಕ್ಷನಾದನು. ದೇಶ ಫ್ರಾನ್ಸಿನ ಪಾಲಾಗಲಿಲ್ಲ. ಅಲ್ಲಿಯ ಜನಕ್ಕೆ ಶಂಕೆಯನ್ನು ತೂಗಿ ನೋಡಲು ಮತಪೆಟ್ಟಿಗೆಯಾದರೂ ಇತ್ತು. ಹಡಗಲಿಯವರಿಗೆ ಅದೂ ಇರಲಿಲ್ಲ.

ಆದುದರಿಂದ ಇಂಥ ಆಪಾದನೆ ಕಿವಿಗೆ ಬಿದ್ದಾಗ ಮೂರು ಪ್ರಶ್ನೆ ಕೇಳುವುದು ಒಳಿತೆಂದು ನನಗೆ ತೋರುತ್ತದೆ. ಪರದೇಶದವರು ಮಾಡಿದ್ದೇನು? ಇಲ್ಲಿಯವನು ಅವರೊಡನೆ ಸೇರಿ ಮಾಡಿದ್ದೇನು? ಈ ಕೂಗಿನಿಂದ ಲಾಭ ಯಾರಿಗೆ? ಮೊದಲನೆಯದಕ್ಕೆ ದೊರೆತ ಉತ್ತರವನ್ನು ಎರಡನೆಯದಕ್ಕೆ ಅಂಟಿಸಬಾರದು; ಮೂರನೆಯದನ್ನು ನೆನೆದು ಮೊದಲೆರಡನ್ನು ತಳ್ಳಿಹಾಕಲೂಬಾರದು.

1953ರ ಅಕ್ಟೋಬರ್ 1ರಂದು ಹಡಗಲಿ ಮೈಸೂರು ರಾಜ್ಯಕ್ಕೆ ಸೇರಿತು. ಮಂಗಳೂರಿನಲ್ಲಿ ಇಳಿದವರು ನೂರು ಮಂದಿ. ಹಡಗಲಿ ಮರಳಿ ಬರಲು ಹಿಡಿದದ್ದು 153 ವರ್ಷ.