ಗಿರಣಿಯ ಪಟ್ಟಾ, ಸನ್ನತಿಯ ಕಲ್ಲು

ಊರಿಗೆ ಹೋದಾಗೊಮ್ಮೆ ಕಾಕಾನನ್ನು ಕರಕೊಂಡು ಸನ್ನತಿಗೆ ಹೋಗಿಬರುವುದು ನಮ್ಮ ಮನೆಯ ರೂಢಿ. ಚಂದ್ರಲಾಂಬೆ ನಮ್ಮ ಮನೆದೇವರು. ಭೀಮಾ ನದಿಯಲ್ಲಿ ಕೈಕಾಲು ತೊಳೆದು, ದರ್ಶನ ಮಾಡಿ, ಗಿಡದ ನೆರಳಿಗೆ ಕೂತು ಬುತ್ತಿ ಬಿಚ್ಚುತ್ತೇವೆ. ಕಾಕಾ ಎಡಗೈಲೇ ಉಣ್ಣತಾನ. ಬಲಗೈಯ ಮೂರು ಬೆರಳು ಇಲ್ಲ. ತೀರ್ಥ ಕೊಡುವಾಗ ಮಾತ್ರ ಆ ಕೈಯನ್ನೇ ಮುಂದೆ ಚಾಚಿ, ಕೆಳಗೆ ಎಡಗೈ ಹಿಡಿಯುತ್ತಾನೆ. ಬೆರಳಿಲ್ಲದ ಸಂದಿನಿಂದ ನೀರು ಸೋರಬಾರದಲ್ಲ.

ಸನ್ನತಿಗೆ ಹೋದವರು ಆ ಕಲ್ಲನ್ನೂ ನೋಡಿಯೇ ಬರಬೇಕು. 1986ರಲ್ಲಿ ಇಲ್ಲಿಯ ಕಾಳಮ್ಮನ ಗುಡಿಯ ಮಾಳಿಗೆ ಕುಸಿದು ಮೂರ್ತಿ ಒಡೆಯಿತು. ಮೂರ್ತಿ ಕೂತಿದ್ದ ಪೀಠ ನೋಡಿದರೆ ಅದರ ಮೇಲೆ ಬ್ರಾಹ್ಮಿ ಅಕ್ಷರ! ಅಶೋಕ ಚಕ್ರವರ್ತಿಯ ಶಾಸನದ ಕಲ್ಲು ಅದು. ನಡುವೆ ಚೌಕಾಕಾರದ ತೂತು ಕೊರೆದು, ದೇವರು ಕೂಡಿಸಲಿಕ್ಕೆ ಬಳಸಿದ್ದರು. ಎಷ್ಟು ಶತಮಾನ ಪೂಜೆ ಆಗಿತ್ತೋ, ಅಕ್ಷರ ಅಲ್ಲೇ ಇತ್ತು, ಓದುವವರು ಇರಲಿಲ್ಲ. ಮುಂದೆ ಪಕ್ಕದ ಕನಗನಹಳ್ಳಿಯಲ್ಲಿ ಪುರಾತತ್ವ ಇಲಾಖೆ ಅಗೆದಾಗ ದೊಡ್ಡ ಬೌದ್ಧ ಸ್ತೂಪವೇ ಸಿಕ್ಕಿತು. ‘ರಾಯೋ ಅಸೋಕೋ’ ಅಂತ ಹೆಸರು ಕೊರೆದ ರಾಜನ ಶಿಲ್ಪವೂ ಅಲ್ಲೇ ಸಿಕ್ಕಿದ್ದು.

ಆ ಸ್ತೂಪದ ಶಿಲ್ಪಗಳು ನಮ್ಮ ಸುಣ್ಣದ ಕಲ್ಲಿನವು. ಊರಲ್ಲಿ ನಮ್ಮ ಮನೆಯ ಪಡಸಾಲೆಗೆ ಹಾಸಿದ್ದೂ ಅದೇ ಜಾತಿಯ ಶಹಾಬಾದಿ ಫರಸಿ. ಇದೇ ಕಲ್ಲನ್ನು ಪುಡಿ ಮಾಡಿ ಸುಟ್ಟರೆ ಸಿಮೆಂಟು. 1871ರಲ್ಲಿ ಮುಂಬೈ ಕಡೆಯ ರೈಲು ವಾಡಿ ಮೇಲೆ ಹಾದು ರಾಯಚೂರು ಮುಟ್ಟಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿತು. ಕಲ್ಲು ಇತ್ತು, ರೈಲು ಬಂತು. 1920ರ ದಶಕದಲ್ಲಿ ಶಹಾಬಾದ್ ಸಿಮೆಂಟ್ ಕಂಪನಿ ಎದ್ದಿತು. 1936ರಲ್ಲಿ ಹತ್ತು ಕಂಪನಿ ಕೂಡಿ ಎಸಿಸಿ ಆದಾಗ ಆ ಹತ್ತರಲ್ಲಿ ನಮ್ಮ ಶಹಾಬಾದಿನದೂ ಒಂದು. 1968ರಲ್ಲಿ ವಾಡಿ, 1980ರ ದಶಕದಲ್ಲಿ ಮಳಖೇಡ, ಸೇಡಂ. ರಾಷ್ಟ್ರಕೂಟರ ರಾಜಧಾನಿಯ ಪಕ್ಕದಲ್ಲೇ ಚಿಮಣಿ.

ಈ ಕಥೆಯಲ್ಲಿ ಕಲ್ಲಿನ ಹೆಸರು ಬರುತ್ತದೆ, ರೈಲಿನ ಹೆಸರು ಬರುತ್ತದೆ. ಯಾರೂ ಹೆಸರು ಹೇಳದ ಒಂದು ವಸ್ತು ಇದೆ. ಅದು ಫ್ಯಾನು. ಮನೆಯ ಸೀಲಿಂಗ್ ಫ್ಯಾನ್ ಅಲ್ಲ. ಬಸವನಹುಳುವಿನ ಚಿಪ್ಪಿನ ಆಕಾರದ ಕಬ್ಬಿಣದ ಪೆಟ್ಟಿಗೆಯೊಳಗೆ ತಿರುಗುವ ಚಕ್ರ. ಸಿಮೆಂಟಿನ ಒಲೆಗೆ ಗಾಳಿ ಬೇಕು, ಹೊಗೆ ಹೊರಗೆ ಹೋಗಬೇಕು, ಕಲ್ಲಿನ ಧೂಳು ಕೆಲಸದವನ ಎದೆಗೆ ಇಳಿಯುವ ಮೊದಲೇ ಎಳಕೊಳ್ಳಬೇಕು. ಒಲೆಯ ದೊಡ್ಡ ಫ್ಯಾನುಗಳು ಮೋಟರಿಗೆ ನೇರವಾಗಿಯೇ ಜೋಡಿಸಿರುತ್ತವೆ. ಧೂಳು ಹಿಡಿಯುವ ಸಣ್ಣ ಫ್ಯಾನುಗಳು ಹೆಚ್ಚಾಗಿ ಪಟ್ಟಾದ ಮೇಲೆ ನಡೆಯುತ್ತವೆ. ದಾಲ್ ಮಿಲ್ಲು, ಅಕ್ಕಿ ಗಿರಣಿ, ಜಿನ್ನಿಂಗ್ ಫ್ಯಾಕ್ಟರಿ ಎಲ್ಲಾ ಕಡೆ ಇದೇ ಕಥೆ.

ಗಾಳಿ ತಳ್ಳುವ ಚಕ್ರ ಹಳೆಯದು. 1556ರಲ್ಲಿ ಅಚ್ಚಾದ ಅಗ್ರಿಕೋಲಾನ ಗಣಿ ಪುಸ್ತಕದಲ್ಲೇ ಅದರ ಚಿತ್ರಗಳಿವೆ, ರೆಕ್ಕೆಗೆ ಹಕ್ಕಿಪುಕ್ಕ ಕಟ್ಟಿದ್ದೂ ಇದೆ. ಉಗಿ ಯಂತ್ರ ಬಂದ ಮೇಲೆ ಗಿರಣಿಗಳಲ್ಲಿ ಒಂದೇ ಪದ್ಧತಿ: ಮಾಳಿಗೆಯ ಕೆಳಗೆ ಉದ್ದಕ್ಕೆ ಒಂದು ಶಾಫ್ಟು, ಅದರಿಂದ ಒಂದೊಂದು ಯಂತ್ರಕ್ಕೆ ಒಂದೊಂದು ಚರ್ಮದ ಪಟ್ಟಾ. ಒಂದು ಎಂಜಿನ್ನು, ಇಪ್ಪತ್ತು ಪಟ್ಟಾ. ಚಪ್ಪಟೆ ಪಟ್ಟಾ ಜಾರಿ ಬೀಳಬಾರದು ಅಂತ ಪುಲ್ಲಿಯ ನಡು ಸ್ವಲ್ಪ ಉಬ್ಬಿಸುತ್ತಿದ್ದರು. ಪಟ್ಟಾ ಯಾವಾಗಲೂ ಉಬ್ಬಿದ ಕಡೆಗೇ ಏರುತ್ತದೆ. ನಮ್ಮೂರ ಹಿಟ್ಟಿನ ಗಿರಣಿಯಲ್ಲೂ ಇದನ್ನೇ ನೋಡಿದ್ದೇನೆ. ಪಟ್ಟಾ ಜಾರತೊಡಗಿದರೆ ಗಿರಣಿಯವ ಒಂದು ಮುಷ್ಟಿ ರಾಳದ ಪುಡಿ ಉಗ್ಗುತ್ತಿದ್ದ, ‘ಟಪ್ ಟಪ್’ ಸಪ್ಪಳ ನಿಲ್ಲುತ್ತಿತ್ತು.

1917ರಲ್ಲಿ ಅಮೆರಿಕದ ಡೆನ್ವರಿನಲ್ಲಿ ಜಾನ್ ಗೇಟ್ಸ್ ಅನ್ನುವವರು ರಬ್ಬರು, ನೂಲು ಸೇರಿಸಿ ವಿ ಆಕಾರದ ಪಟ್ಟಾ ಮಾಡಿದರು. ಅದು ಪುಲ್ಲಿಯ ಗಾಡಿಯೊಳಗೆ ಬೆಣೆ ಹಾಗೆ ಸಿಕ್ಕಿಕೊಳ್ಳುತ್ತದೆ. ಎಷ್ಟು ಫರಕು ಅಂತೀರಿ? ಓಡಾಡುವ ಎತ್ತಿನ ಹಗ್ಗವನ್ನು ಗೂಟಕ್ಕೆ ಎರಡು ಸುತ್ತು ಹಾಕಿದರೆ ಸಣ್ಣ ಹುಡುಗನೂ ಹಿಡಿದು ನಿಲ್ಲಿಸುತ್ತಾನಲ್ಲ, ಅದರ ಗಣಿತವನ್ನು 18ನೇ ಶತಮಾನದಲ್ಲೇ ಆಯ್ಲರ್ ಬರೆದಿಟ್ಟಿದ್ದಾನೆ. ಅರ್ಧ ಸುತ್ತು ಹಾಕಿದ ಚಪ್ಪಟೆ ಪಟ್ಟಾ, ತಿಕ್ಕಾಟದ ಅಂಕಿ 0.3 ಅಂತ ಹಿಡಿದರೆ, ಬಿಗಿ ಕಡೆಯ ಎಳೆತ ಸಡಿಲು ಕಡೆಯದರ ಸುಮಾರು ಎರಡೂವರೆ ಪಟ್ಟು ಆಗುವವರೆಗೆ ಜಾರುವುದಿಲ್ಲ. ಅದೇ ರಬ್ಬರನ್ನು 38 ಡಿಗ್ರಿ ಗಾಡಿಯಲ್ಲಿ ಕೂಡಿಸಿದರೆ ಸುಮಾರು 18 ಪಟ್ಟು! ಬಿಇ ಮೆಕ್ಯಾನಿಕಲ್ ಓದುವಾಗ ಈ ಲೆಕ್ಕ ಮಾಡಿ ಪರೀಕ್ಷೆಯಲ್ಲಿ ಪೂರಾ ಮಾರ್ಕ್ಸು ತೊಗೊಂಡೆ. ಕಾಕಾನ ಕೈ ನೆನಪಾಗಲಿಲ್ಲ. ಈಗ ಬೆಂಗಳೂರಲ್ಲಿ ಕೋಡ್ ಬರೆಯುತ್ತೇನೆ, ನೆನಪಾಗುತ್ತದೆ.

ಕಾಕಾ ಒಂದು ದಾಲ್ ಮಿಲ್ಲಿನಲ್ಲಿ ಎಣ್ಣೆ ಬಿಡುವ ಕೆಲಸಕ್ಕಿದ್ದ. ತೊಗರಿಯ ಹೊಟ್ಟು, ಧೂಳು ಎಳೆಯಲಿಕ್ಕೆ ಒಂದು ಫ್ಯಾನು. ಹಳೇ ಮಿಲ್ಲು, ಹಳೇ ಶಾಫ್ಟು, ಫ್ಯಾನಿಗೂ ಅದರಿಂದಲೇ ಮೂರಿಂಚಿನ ಚಪ್ಪಟೆ ಪಟ್ಟಾ. ಪಟ್ಟಾ ಕಳಚಿ ಬಿದ್ದರೆ ಒಂದೇ ಫ್ಯಾನು ನಿಲ್ಲಿಸುವ ಉಪಾಯ ಇರಲಿಲ್ಲ. ಪೂರಾ ಮಿಲ್ಲೇ ನಿಲ್ಲಿಸಬೇಕು. ಸುಗ್ಗಿಯ ದಿನ ಮಿಲ್ಲು ನಿಲ್ಲಿಸುವವರು ಯಾರು? ‘ಹಂಗೇ ಏರಸಪ್ಪ’ ಅಂದರು. ಕಾಕಾ ಏಣಿ ಹತ್ತಿ, ಧೋತರ ಮೇಲೆ ಕಟ್ಟಿ, ತಿರುಗುವ ಪುಲ್ಲಿಗೆ ಕೈಲೇ ಪಟ್ಟಾ ಏರಿಸುತ್ತಿದ್ದ. ನೂರು ಸಲ ಏರಿಸಿದ್ದಾನೆ. ಒಂದು ಸಲ ಪಟ್ಟಾದ ಜೋಡಿಗೆ ಹಾಕಿದ್ದ ಬೋಲ್ಟು ಅಂಗಿಯ ತೋಳು ಹಿಡಿಯಿತು.

ನಾನಾಗ ಐದನೇ ಕ್ಲಾಸು. ದವಾಖಾನೆಯಿಂದ ಬಂದ ಕಾಕಾನನ್ನು ಸುತ್ತುಗಟ್ಟಿ ಕೂತ ಮಂದಿ ಒಂದೇ ಮಾತು ಹೇಳಿದರು: ‘ಹಣೆಬರ.’ ಕಾಕಾನೂ ಅದನ್ನೇ ಹೇಳಿದ. ಮಿಲ್ಲಿನವರು ದವಾಖಾನೆ ಖರ್ಚು ಕೊಟ್ಟರು, ಮೇಲೆ ಎರಡು ಚೀಲ ತೊಗರಿಬೇಳೆ ಕಳಿಸಿದರು. ಒಳ್ಳೇ ಮಂದಿ ಅಂತಲೇ ಮನೆಯಲ್ಲಿ ಮಾತಾಯಿತು.

ಎಷ್ಟೋ ವರ್ಷ ಆದ ಮೇಲೆ ಆಫೀಸಿನ ಯಾವುದೋ ಪ್ರಾಜೆಕ್ಟಿಗೆ ಕಾರ್ಖಾನೆ ಸುರಕ್ಷತೆಯ ನಿಯಮ ಓದಬೇಕಾಗಿ ಬಂತು. 1948ರ ಕಾರ್ಖಾನೆ ಕಾಯ್ದೆ. ಅದರ ತಾರೀಖು ನೋಡಿ ಒಂದು ಗಳಿಗೆ ನಿಂತೆ: 1948 ಸೆಪ್ಟೆಂಬರ್ 23. ನಮ್ಮ ಹೈದರಾಬಾದ್ ರಾಜ್ಯ ಶರಣಾಗಿದ್ದು ಸೆಪ್ಟೆಂಬರ್ 17ಕ್ಕೆ. ನಮ್ಮ ಕಡೆ ಇನ್ನೂ ಸೈನ್ಯದ ಆಡಳಿತ ಇರುವಾಗ ದಿಲ್ಲಿಯಲ್ಲಿ ಈ ಕಾಯ್ದೆ ಹುಟ್ಟಿತು ಅನ್ನಿ.

22ನೇ ಕಲಂಗೆ ಬಂದೆ. ಯಂತ್ರ ತಿರುಗುತ್ತಿರುವಾಗ ಪಟ್ಟಾ ಏರಿಸುವವನು ಅದಕ್ಕೆಂದೇ ತರಬೇತಿ ಆದ ವಯಸ್ಕ ಗಂಡಸಾಗಿರಬೇಕು ಅಂತ ಅದರಲ್ಲಿತ್ತು. ಅವನ ಹೆಸರು ರಿಜಿಸ್ಟರಿನಲ್ಲಿ ಇರಬೇಕು. ಮೈಗೆ ಅಂಟಿದಂಥ ಬಟ್ಟೆ ಹಾಕಿರಬೇಕು, ಆ ಬಟ್ಟೆ ಮಾಲೀಕನೇ ಕೊಡಬೇಕು. ಪಟ್ಟಾ 15 ಸೆಂಟಿಮೀಟರಿಗಿಂತ ಅಗಲ ಇರಬಾರದು. ಅದರ ಜೋಡಿ ಹೊಲಿದಿರಬೇಕು ಇಲ್ಲಾ ಪಟ್ಟಾದ ಸಮಕ್ಕೆ ಇರಬೇಕು, ಎದ್ದು ನಿಂತಿರಬಾರದು. ಕಾಲೂರಲಿಕ್ಕೆ ಗಟ್ಟಿ ಜಾಗ ಬೇಕು, ಏಣಿ ಇದ್ದರೆ ಬಿಗಿದಿರಬೇಕು. 24ನೇ ಕಲಂ ಇನ್ನೂ ಮುಂದೆ ಹೋಗಿತ್ತು: ಪಟ್ಟಾವನ್ನು ಕೆಲಸದ ಪುಲ್ಲಿಯಿಂದ ಪಕ್ಕದ ಖಾಲಿ ಪುಲ್ಲಿಗೆ ಸರಿಸುವ ಸಲಕರಣೆ ಇರಬೇಕು. ಅಂದರೆ ಮಿಲ್ಲು ನಿಲ್ಲಿಸದೆ ಒಂದೇ ಯಂತ್ರ ನಿಲ್ಲಿಸುವ ಉಪಾಯ!

ಒಂದೊಂದೇ ಎಣಿಸಿ ನೋಡಿದೆ. ಪಟ್ಟಾ ಮೂರಿಂಚು, ಅದೊಂದು ಪಾಸು. ತರಬೇತಿ ಇಲ್ಲ. ರಿಜಿಸ್ಟರ್ ಇಲ್ಲ. ಬಟ್ಟೆ ಇಲ್ಲ. ಜೋಡಿಗೆ ಬೋಲ್ಟು. ಏಣಿ ಗೋಡೆಗೆ ಆನಿಸಿದ್ದು. ಕಾಕಾನ ತೋಳು ಹಿಡಿದ ಆ ಬೋಲ್ಟಿನ ಬಗ್ಗೆ ಕಾಯ್ದೆಯಲ್ಲಿ ಅವನು ಹುಟ್ಟುವ ಮೊದಲೇ ಬರೆದಿತ್ತು. ಬರೆದವರಿಗೆ ಹೇಗೆ ಗೊತ್ತಾಯಿತು? ಅವನಿಗಿಂತ ಮೊದಲು ಎಷ್ಟೋ ತೋಳು ಹೋಗಿದ್ದವು, ಅದಕ್ಕೇ ಗೊತ್ತಾಯಿತು. ಇಂಥ ಕಲಂ ಸುಮ್ಮನೆ ಯಾರಿಗೂ ಹೊಳೆಯುವುದಿಲ್ಲ. ಒಂದೊಂದು ಷರತ್ತಿನ ಹಿಂದೆ ಒಬ್ಬೊಬ್ಬನ ಕೈ ಇದೆ. ಇದನ್ನು ಹಣೆಬರ ಅನ್ನಲಿಕ್ಕೆ ಈಗ ನನ್ನ ಬಾಯಿ ಬರುವುದಿಲ್ಲ.

ಕಾಯ್ದೆ ಲಾಗೂ ಆಗಲಿಕ್ಕೆ ಕರೆಂಟಿನ ಮೇಲೆ ನಡೆಯುವ ಕಡೆ ಹತ್ತು ಜನ ಕೆಲಸಗಾರರಿರಬೇಕಿತ್ತು. ಆ ಮಿಲ್ಲಿನಲ್ಲಿ ಎಷ್ಟು ಮಂದಿ ಇದ್ದಿರಿ ಅಂತ ಕಾಕಾನನ್ನು ಕೇಳಿದೆ. ‘ದುಡಿಯೋರು ಹದಿನಾಕು. ಬುಕ್ಕಿನಾಗ ಒಂಬತ್ತು.’

ಈಗ ಉದ್ದ ಶಾಫ್ಟು ಹೆಚ್ಚುಕಡಿಮೆ ಹೋಗಿದೆ. ಯಂತ್ರಕ್ಕೊಂದು ಮೋಟರು, ವಿ ಪಟ್ಟಾ. ಆದರೂ ಫ್ಯಾನಿನ ಸೇವೆಯಲ್ಲಿ ತಪ್ಪುಗಳು ಹಳೆಯವೇ. ಸ್ವಿಚ್ ಆರಿಸಿದ ಮೇಲೂ ಫ್ಯಾನು ಬಹಳ ಹೊತ್ತು ತಿರುಗುತ್ತದೆ. ಕೊಳವೆಯೊಳಗಿನ ಗಾಳಿಗೇ ತಾನಾಗಿ ತಿರುಗುವುದೂ ಉಂಟು. ಅದಕ್ಕೇ ಮೊದಲು ಸ್ವಿಚ್ಚಿಗೆ ಬೀಗ, ಕೀಲಿ ಕೆಲಸ ಮಾಡುವವನ ಕಿಸೆಯಲ್ಲಿ. ಚಕ್ರ ಪೂರಾ ನಿಂತ ಮೇಲೇ ಜಾಳಿಗೆ ಬಿಚ್ಚುವುದು. ಪಟ್ಟಾವನ್ನು ಸ್ಕ್ರೂಡ್ರೈವರಿನಿಂದ ಮೀಟಿ ಏರಿಸಬಾರದು, ಒಳಗಿನ ನೂಲು ಹರಿಯುತ್ತದೆ. ಮೋಟರಿನ ಬೋಲ್ಟು ಸಡಿಲಿಸಿ, ಮುಂದೆ ಸರಿಸಿ, ಪಟ್ಟಾ ಹಾಕಿ, ಹಿಂದೆ ಎಳೆಯಬೇಕು. ಮೂರು ಪಟ್ಟಾದಲ್ಲಿ ಒಂದು ಹರಿದರೆ ಮೂರನ್ನೂ ಬದಲಿಸಬೇಕು. ಇಲ್ಲಾಂದ್ರೆ ಹೊಸದೊಂದೇ ಭಾರ ಹೊತ್ತು ಬೇಗ ಸಾಯುತ್ತದೆ. ಎರಡು ಪುಲ್ಲಿಯ ನಡುವೆ ಒಂದು ಮೀಟರಿದ್ದರೆ, ಹೇಳಿದಷ್ಟು ಭಾರ ಹಾಕಿ ಒತ್ತಿದಾಗ ಪಟ್ಟಾ ಸುಮಾರು 16 ಮಿಲಿಮೀಟರ್ ತಗ್ಗಬೇಕು. ಹೊಸ ಪಟ್ಟಾ ಒಂದೆರಡು ದಿನ ಓಡಿದ ಮೇಲೆ ಹಿಗ್ಗುತ್ತದೆ, ಮತ್ತೆ ಬಿಗಿಯಬೇಕು. ಬಹಳ ಬಿಗಿದರೆ ಬೇರಿಂಗು ಹೋಯಿತು.

ಸಡಿಲು ಪಟ್ಟಾದ ಮೋಸ ಏನಂದರೆ, ಫ್ಯಾನು ತಿರುಗುತ್ತಲೇ ಇರುತ್ತದೆ. ನೋಡುವವನಿಗೆ ಎಲ್ಲಾ ಸರಿ. ಗಾಳಿ ಮಾತ್ರ ಕಮ್ಮಿ ಆಗಿರುತ್ತದೆ, ಧೂಳು ಅಲ್ಲೇ ಉಳಿದು ಎದೆಗೆ ಇಳಿಯುತ್ತದೆ. ಗಾಳಿ ಸಾಲದೆಂದು ಪುಲ್ಲಿ ಬದಲಿಸಿ 10 ಪರ್ಸೆಂಟ್ ಜೋರು ತಿರುಗಿಸಿದರೆ ಗಾಳಿ ಸಿಗುವುದು 10 ಪರ್ಸೆಂಟು, ಕರೆಂಟು ಎಳೆಯುವುದು 33 ಪರ್ಸೆಂಟು ಹೆಚ್ಚು. ವೈರಿಂಗ್ ಅದಲುಬದಲಾಗಿ ಉಲ್ಟಾ ತಿರುಗಿದರೂ ಈ ಜಾತಿಯ ಫ್ಯಾನು ಗಾಳಿಯನ್ನು ಅದೇ ಕಡೆಗೇ ತಳ್ಳುತ್ತದೆ, ಬಹಳ ಕಮ್ಮಿ ಅಷ್ಟೇ. ತಿಂಗಳುಗಟ್ಟಲೆ ಯಾರಿಗೂ ಗೊತ್ತಾಗುವುದಿಲ್ಲ.

ಹೋದ ಸಲ ಸನ್ನತಿಯಲ್ಲಿ ಆ ಕಲ್ಲಿನ ಮುಂದೆ ನಿಂತಾಗ ಕಾಕಾ ಕೇಳಿದ, ‘ಏನ್ ಬರದಾನ ತಮ್ಮಾ ಇದರಾಗ?’ ಹೇಳಿದೆ. ಇದರಲ್ಲಿ ಅಶೋಕ ತನ್ನ ಅಧಿಕಾರಿಗಳಿಗೆ ಬರೆದ ಆಜ್ಞೆಗಳ ತುಣುಕೂ ಇವೆ. ಒಡಿಶಾದ ಧೌಲಿಯಲ್ಲಿ ಅವೇ ಆಜ್ಞೆ ಹೆಚ್ಚು ಪೂರ್ತಿಯಾಗಿ ಸಿಕ್ಕಿವೆ. ಆತುರ, ಸೋಮಾರಿತನ ಬಿಡಿ, ಜನರಿಗೆ ಅನ್ಯಾಯ ಆಗದಂತೆ ನೋಡಿ ಅಂತ ಅಲ್ಲಿದೆ. ತಿಷ್ಯ, ಅಂದರೆ ಪುಷ್ಯ ನಕ್ಷತ್ರದ ದಿನ ಇದನ್ನು ಓದಿ ಹೇಳಬೇಕು, ಒಬ್ಬನೇ ಇದ್ದರೂ ಕೇಳಬೇಕು ಅಂತಲೂ ಇದೆ. ಕಾರ್ಖಾನೆ ಕಾಯ್ದೆಯ 108ನೇ ಕಲಂ ಕೂಡ ಅದನ್ನೇ ಹೇಳುತ್ತಿತ್ತು: ಕಾಯ್ದೆಯ ಸಾರಾಂಶ ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲಿ ಬಾಗಿಲ ಹತ್ತಿರ ತೂಗುಹಾಕಬೇಕು.

‘ನಮ್ಮ ಮಿಲ್ಲಿನ ಬಾಗಿಲಿಗೆ ಲಿಂಬಿಹಣ್ಣು, ಮೆಣಸಿನಕಾಯಿ ಕಟ್ಟತಿದ್ರು’ ಅಂದ ಕಾಕಾ.

ಬುತ್ತಿ ಉಂಡ ಮೇಲೆ ಫೋನು ತೆಗೆದು 22ನೇ ಕಲಂನ್ನು ಅವನಿಗೆ ಕನ್ನಡದಲ್ಲಿ ಓದಿ ಹೇಳಿದೆ. ಪಟ್ಟಾದ ಅಗಲ, ಜೋಡಿ, ಬಟ್ಟೆ, ಏಣಿ. ಸುಮ್ಮನೆ ಕೇಳಿದ. ಬೋಲ್ಟಿನ ಮಾತು ಬಂದಾಗ, ‘ಇನ್ನೊಮ್ಮೆ ಓದು’ ಅಂದ. ಓದಿದೆ. ಬಹಳ ಹೊತ್ತು ನದಿ ಕಡೆ ನೋಡಿ, ‘ಅಂದ್ರ ಅದು ನನ್ನ ತಪ್ಪಲ್ಲ’ ಅಂದ.

ಇಷ್ಟು ವರ್ಷ ಹಣೆಬರ ಅನ್ನುತ್ತಿದ್ದವನು ಒಳಗೆ ತನ್ನದೇ ತಪ್ಪು ಅಂದುಕೊಂಡಿದ್ದ ಅಂತ ನನಗೆ ಗೊತ್ತಿರಲಿಲ್ಲ. ನಿಮ್ಮೂರಲ್ಲೂ ಗಿರಣಿ ಇರುತ್ತದೆ, ಅದರಲ್ಲಿ ದುಡಿಯುವ ಒಬ್ಬ ಕಾಕಾ ಇರುತ್ತಾನೆ. ಒಬ್ಬನೇ ಇದ್ದರೂ ಸರಿ, ಒಮ್ಮೆ ಓದಿ ಹೇಳ್ರಿ.