ತುಂಗಭದ್ರಾ ತೀರದ ಆಮೆಯ ಮಾಂಸ ಮತ್ತು ಕ್ರಿಮಿರೋಗ

ಹರಿದ್ರಾ ನದಿಯು ತುಂಗಭದ್ರೆಯನ್ನು ಕೂಡುವ ಹರಿಹರವು, ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು ಕ್ರಿ.ಶ. 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯದಿಂದ ಪ್ರಸಿದ್ಧವಾಗಿದೆ. ಹರಿಹರ ಮತ್ತು ದಾವಣಗೆರೆಗಳ ಇತಿಹಾಸವು ಶಾಸನ, ಶಿಲ್ಪಗಳಲ್ಲಿಯೇ ಮುಗಿಯುವುದಿಲ್ಲ. ನದಿಯನ್ನು ನಂಬಿ ಬದುಕಿದವರ ಆಹಾರವೂ ಅದರ ಭಾಗವೇ ಆಗಿದೆ. ಸಿಹಿನೀರಿನ ಆಮೆಯನ್ನು ತಿನ್ನುವುದು ಕೀಳು ಆಹಾರ, ಕ್ರಿಮಿರೋಗಕ್ಕೆ ಮೂಲ ಎಂಬ ಮಾತು ಕೇಳಿಬರುವುದುಂಟು. ಈ ಮಾತಿನಲ್ಲಿ ಇತಿಹಾಸವೆಷ್ಟು, ತಿರಸ್ಕಾರವೆಷ್ಟು ಎಂಬುದನ್ನು ನಾವಿಲ್ಲಿ ವಿವೇಚಿಸುತ್ತೇವೆ.

ಮೊದಲು ಗ್ರಂಥಾಧಾರಗಳನ್ನು ನೋಡೋಣ. ಚಾವುಂಡರಾಯನ 'ಲೋಕೋಪಕಾರ'ದಲ್ಲಿಯಾಗಲಿ ಮೂರನೆಯ ಮಂಗರಸನ 'ಸೂಪಶಾಸ್ತ್ರ'ದಲ್ಲಿಯಾಗಲಿ ಆಮೆಯ ಅಡುಗೆಯನ್ನು ಅರಸುವುದು ವ್ಯರ್ಥ. ಇವರಿಬ್ಬರ ಪಾಕಶಾಸ್ತ್ರವು ಸಸ್ಯಾಹಾರಕ್ಕೆ ಸೀಮಿತವಾದುದು. ಈ ಮೌನದಿಂದ ನಾಡಿನಲ್ಲಿ ಆಮೆಯನ್ನು ತಿನ್ನುತ್ತಿರಲಿಲ್ಲವೆಂದು ತೀರ್ಮಾನಿಸುವುದು ಸರಿಯಲ್ಲ. ಕಲ್ಯಾಣದ ಚಾಲುಕ್ಯ ದೊರೆ ಭೂಲೋಕಮಲ್ಲ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ವು (ಕ್ರಿ.ಶ. 1129) ರಾಜಭೋಜನವನ್ನು ವರ್ಣಿಸುವ ಅನ್ನಭೋಗದ ಭಾಗದಲ್ಲಿ, ಸುಟ್ಟು ಸಿದ್ಧಪಡಿಸಿದ ಆಮೆಯ ಮಾಂಸವನ್ನು ಹೇಳುತ್ತದೆ. ಅಂದಮೇಲೆ ಅದು ಕೇವಲ ಬಡವರ ಆಹಾರವಾಗಿರಲಿಲ್ಲ. ಅರಸನ ಪಂಕ್ತಿಯಲ್ಲಿಯೂ ಅದಕ್ಕೆ ಸ್ಥಾನವಿತ್ತು.

ಇನ್ನು ಕ್ರಿಮಿಗಳ ವಿಚಾರ. ಚರಕಸಂಹಿತೆಯ ವಿಮಾನಸ್ಥಾನವು 20 ಬಗೆಯ ಕ್ರಿಮಿಗಳನ್ನು ಹೇಳಿ, ಕಫಜ ಕ್ರಿಮಿಗಳ ಕಾರಣಗಳಲ್ಲಿ ಹಾಲು, ಬೆಲ್ಲ, ಎಳ್ಳುಗಳೊಡನೆ ಮೀನನ್ನೂ ಆನೂಪ ಮಾಂಸವನ್ನೂ, ಅಂದರೆ ಜಲಪ್ರದೇಶದ ಪ್ರಾಣಿಗಳ ಮಾಂಸವನ್ನೂ ಎಣಿಸುತ್ತದೆ. ಸುಶ್ರುತನು ಆಮೆಯನ್ನು ಆನೂಪ ವರ್ಗದಲ್ಲಿಯೇ ಸೇರಿಸಿದ್ದಾನೆ. ಕ್ರಿಮಿಯನ್ನು ಹೊರತೆಗೆಯುವುದು, ಅದು ಬೆಳೆಯುವ ಸ್ಥಿತಿಯನ್ನು ಕೆಡಿಸುವುದು, ಕಾರಣವನ್ನು ವರ್ಜಿಸುವುದು ಎಂಬ ಮೂರು ಉಪಾಯಗಳನ್ನು ಚರಕವು ಬೋಧಿಸುತ್ತದೆ. ಇದರಲ್ಲಿ ಇಂದಿನ ಪರೋಪಜೀವಿಶಾಸ್ತ್ರವನ್ನೇ ಕಾಣುವುದು ಅತಿಶಯೋಕ್ತಿ. ಬೆಲ್ಲವೂ ಎಳ್ಳೂ ಅದೇ ಪಟ್ಟಿಯಲ್ಲಿವೆ. ಆದರೂ ನೀರಿನ ಪ್ರಾಣಿಗಳ ಮಾಂಸಕ್ಕೂ ಕ್ರಿಮಿಗೂ ಸಂಬಂಧವುಂಟೆಂಬ ಗ್ರಹಿಕೆ ಗಮನಾರ್ಹವಾದುದು.

ಆಧುನಿಕ ವಿಜ್ಞಾನವು ಈ ಗ್ರಹಿಕೆಯನ್ನು ತಿದ್ದಿ ಸ್ಪಷ್ಟಗೊಳಿಸಿದೆ. ಆಮೆಯ ಕರುಳಿನಲ್ಲಿ ವಾಸಿಸುವ ಹುಳುಗಳಲ್ಲಿ ಬಹಳಷ್ಟು ಮನುಷ್ಯನ ದೇಹದಲ್ಲಿ ನೆಲೆಗೊಳ್ಳಲಾರವು. ಅಪಾಯವಿರುವುದು ಮುಖ್ಯವಾಗಿ ಮಾಂಸದಲ್ಲಿ ಅಡಗಿರುವ ಮರಿಹುಳುಗಳಿಂದ. ತೈವಾನಿನಲ್ಲಿ 2008ರಲ್ಲಿ ಮೆದುಚಿಪ್ಪಿನ ಆಮೆಯನ್ನು ಹಸಿಯಾಗಿ ತಿಂದವರಿಗೆ ಟ್ರೈಕಿನೆಲ್ಲಾ ಎಂಬ ಹುಳುವಿನ ರೋಗ ತಗಲಿತು. ಚೆನ್ನಾಗಿ ಬೆಂದ ಮಾಂಸದಲ್ಲಿ ಇಂತಹ ಹುಳು ಬದುಕಿ ಉಳಿಯದು. ಆದುದರಿಂದ ರೋಗಕ್ಕೆ ನಿರ್ಣಾಯಕವಾದುದು ತಿನ್ನುವವರ ಕುಲವಲ್ಲ, ಅಡುಗೆಯ ಕ್ರಮ. ಸೋಮೇಶ್ವರನ ಬಾಣಸಿಗರು ಬೆಂಕಿಯನ್ನು ಬಳಸಿದುದು ರುಚಿಗಾಗಿಯೇ ಇರಬಹುದು. ಆ ಬೆಂಕಿಯೇ ಅರಿಯದೆ ರಕ್ಷಣೆಯೂ ಆಗಿರಬೇಕೆಂದು ನಾವು ಊಹಿಸುತ್ತೇವೆ.

ಇಂದು ಪ್ರಶ್ನೆಯ ಸ್ವರೂಪವೇ ಬದಲಾಗಿದೆ. ನಮ್ಮ ನದಿ ಕೆರೆಗಳ ಮೆದುಚಿಪ್ಪಿನ ಆಮೆಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಗೆ ಒಳಪಟ್ಟಿವೆ. ಅವುಗಳನ್ನು ಹಿಡಿಯದಿರುವುದು ನ್ಯಾಯವೇ ಸರಿ. ಆದರೆ ಆ ನಿಷೇಧಕ್ಕೆ ಕಾರಣ ಪ್ರಾಣಿಸಂಕುಲದ ಉಳಿವೇ ಹೊರತು ಹಿಂದೆ ಅದನ್ನು ತಿಂದವರ ಕೀಳುತನವಲ್ಲ. ಒಂದೇ ಮಾಂಸವು ಅರಸನ ತಟ್ಟೆಯಲ್ಲಿ ಭೋಗವೆಂದೂ ಬಡವನ ಮಡಕೆಯಲ್ಲಿ ಹೊಲಸೆಂದೂ ಎಣಿಸಲ್ಪಟ್ಟರೆ, ಆ ಭೇದವನ್ನು ಮಾಡಿದುದು ಹುಳುವಲ್ಲ, ಸಮಾಜ. ಆಹಾರದ ಇತಿಹಾಸವನ್ನು ಬರೆಯುವವರು ಇದನ್ನು ಮರೆಯಬಾರದು.