ಬರದ ನಾಡಿನ ಮದ್ದಿನ ತೋಟ

ಇಂಡಿ ತಾಲೂಕಿನ ತಾಂಬಾದ ಕಡೆಗೆ ಬೇಸಿಗೆಯಲ್ಲಿ ಹೋದವರು ಎರೆಭೂಮಿ ಬಾಯಿಬಿಟ್ಟು ಮಲಗಿದುದನ್ನು ಕಂಡಿರಬಹುದು. ಬೆಳೆಯಿಲ್ಲದ ಆ ದಿನಗಳಲ್ಲಿಯೂ ಹೊಲದ ಬದುವಿನ ಮೇಲೆ ತಂಗಡಿ, ಎಕ್ಕಿ, ಬೇವು ಹಸಿರಾಗಿಯೇ ಇರುತ್ತವೆ. ಅವುಗಳಿಗೆ ನೀರು ಹಾಕಿದವರಿಲ್ಲ. ಆದರೂ ಮನೆಮದ್ದು ಬೇಕಾದಾಗ ಅಜ್ಜಿಯ ಕೈ ಚಾಚುವುದು ಅತ್ತಲೇ. ಈ ಜಿಲ್ಲೆಯ ವಿಶ್ವವಿದ್ಯಾಲಯವೊಂದರ ಆವರಣದಲ್ಲಿ ಔಷಧಿವನ ಬೆಳೆಸಬೇಕೆಂದರೆ, ಮೊದಲು ಈ ಬದುವನ್ನು ನೋಡಬೇಕು. ಆಮೇಲೆ ಬಿಜಾಪುರದ ಇತಿಹಾಸವನ್ನು.

2014ರಿಂದ ವಿಜಯಪುರವೆನಿಸಿಕೊಂಡ ಆ ಊರಿನಲ್ಲಿ ತೋಟದ ಕಥೆಯೆಂದರೆ ನೀರಿನ ಕಥೆ. ಆದಿಲಶಾಹಿ ಅರಸರು ತೊರವಿಯಿಂದ ನೆಲದೊಳಗೆ ಸುರಂಗ ಕೊರೆಯಿಸಿ ರಾಜಧಾನಿಗೆ ನೀರು ತಂದರು. 1599ರಲ್ಲಿ ಎರಡನೆಯ ಇಬ್ರಾಹಿಮನು ತೊರವಿಯ ಬಳಿ ನವರಸಪುರವನ್ನು ಕಟ್ಟಿಸತೊಡಗಿದನು. 1651ರಲ್ಲಿ ಬೇಗಮ ತಲಾಬವಾಯಿತು. ಅಲ್ಲಿಂದ ಮಣ್ಣಿನ ಕೊಳವೆಗಳಲ್ಲಿ ಊರಿಗೆ ನೀರು ಹರಿಯಿತು. ಆದರೆ ನವರಸಪುರವನ್ನು 1624ರಲ್ಲಿಯೇ ಮಲಿಕ ಅಂಬರನು ಹಾಳುಗೆಡವಿದ್ದನು. 1686ರಲ್ಲಿ ಬಿಜಾಪುರವೂ ಔರಂಗಜೇಬನ ವಶವಾಯಿತು. ಕೊಳವೆಯನ್ನು ನೋಡಿಕೊಳ್ಳುವವರು ಇಲ್ಲವಾದ ಮೇಲೆ ಅದನ್ನೇ ನಂಬಿದ ತೋಟ ಉಳಿಯುವುದೆಂತು?

ಅದೇ ಆಸ್ಥಾನದಲ್ಲಿ ಇನ್ನೊಂದು ಕೆಲಸವೂ ನಡೆದಿತ್ತು. ಇತಿಹಾಸಕಾರನೆಂದು ಹೆಸರಾದ ಫಿರಿಸ್ತಾ ಭಾರತೀಯ ವೈದ್ಯವನ್ನು ಕುರಿತು ಪಾರಸಿಯಲ್ಲಿ ಗ್ರಂಥ ಬರೆದನು. ದೂರದ ನಾಡಿನಲ್ಲಿ ಹುಟ್ಟಿದ ಅವನು ಇಲ್ಲಿಯ ಮದ್ದನ್ನು ಅರಿಯುವುದು ಅವಶ್ಯವೆಂದು ಬಗೆದನು. ಕೊಳವೆ ಬತ್ತಿತು, ತಿಳಿವಳಿಕೆ ಬತ್ತಲಿಲ್ಲ.

1876ರಿಂದ 1878ರವರೆಗಿನ ಭೀಕರ ಬರವನ್ನು ಈ ಸೀಮೆ ಉಂಡಿತು. 1933ರಲ್ಲಿ ಬಿಜಾಪುರದಲ್ಲಿ ಒಣಬೇಸಾಯದ ಸಂಶೋಧನಾ ಕೇಂದ್ರ ಆರಂಭವಾಯಿತು. ಇಂಥ ಕೇಂದ್ರಗಳು ಹೇಳಿದ್ದಿಷ್ಟೆ: ಬಿದ್ದ ಮಳೆಯನ್ನು ಬಿದ್ದಲ್ಲಿಯೇ ಹಿಡಿಯಿರಿ, ಇಳಿಜಾರಿಗೆ ಅಡ್ಡವಾಗಿ ಒಡ್ಡು ಹಾಕಿರಿ, ಗಿಡದಿಂದ ಗಿಡಕ್ಕೆ ಹೆಚ್ಚು ಅಂತರ ಬಿಡಿರಿ.

ಇಂದು ತೊರವಿಯಲ್ಲಿಯೇ ಮಹಿಳಾ ವಿಶ್ವವಿದ್ಯಾಲಯದ ಆವರಣವಿದೆ. 2003ರಲ್ಲಿ ಆರಂಭವಾದ ಈ ವಿದ್ಯಾಸಂಸ್ಥೆಗೆ 2017ರಲ್ಲಿ ಅಕ್ಕಮಹಾದೇವಿಯ ಹೆಸರು ಬಂದಿತು. ಇಂಥ ನೆಲದಲ್ಲಿ ತೋಟದ ನಕ್ಷೆ ಬರೆಯುವವರು ಗಿಡಗಳ ಪಟ್ಟಿಯಿಂದಲ್ಲ, ಮಳೆನೀರು ಹರಿಯುವ ದಾರಿಯಿಂದ ಆರಂಭಿಸುವುದು ಲೇಸು. ನೀರು ಬಂದು ತಂಗುವ ತಗ್ಗಿನಲ್ಲಿ ಲಕ್ಕಿ; ಒಡ್ಡಿನ ಮೇಲೆ ತಂಗಡಿ; ನೆರಳಿಗೆ ಬೇವು, ಅದರ ಮೈಗೆ ಅಮೃತಬಳ್ಳಿ. ಎರೆಮಣ್ಣು ಬೇಸಿಗೆಯಲ್ಲಿ ಬಿರಿಯುವಂತೆ ಮಳೆಗಾಲದಲ್ಲಿ ನೀರು ಹಿಡಿದು ಬೇರು ಕೊಳೆಸುವುದೂ ಉಂಟು. ಆದುದರಿಂದ ಲೋಳೆಸರ, ಅಶ್ವಗಂಧಗಳಿಗೆ ಗರಸು ಬೆರೆಸಿದ ಎತ್ತರದ ಮಡಿಯೇ ಬೇಕು. ಎಳೆಯ ಸಸಿಗಳಿಗೆ ಮೊದಲ ಬೇಸಿಗೆಗಳಲ್ಲಿ ಕೊಡದ ನೀರು ಸಾಕು. ಬೇರು ಆಳಕ್ಕಿಳಿದ ಮೇಲೆ ಅದನ್ನೂ ಕಡಿಮೆ ಮಾಡಬಹುದು. ಎಕ್ಕಿಯ ಹಾಲು ಕಣ್ಣಿಗೆ ಕೇಡು ಎಂಬ ಮಾತನ್ನು ಹೆಸರಿನ ಹಲಗೆಯ ಮೇಲೆ ಬರೆಯಿಸಬೇಕು.

ಕುಡಿಯುವ ನೀರಿಗೆ ಕೊಡ ಹಿಡಿದು ಕಾಯುವ ಬೇಸಿಗೆಗಳನ್ನು ಕಂಡ ಜಿಲ್ಲೆಯಿದು. ಇಲ್ಲಿ ಜನರ ಪಾಲಿನ ನೀರು ಕುಡಿದು ಬೆಳೆಯುವ ತೋಟ ಎಷ್ಟೇ ಚೆಂದವಾಗಿದ್ದರೂ ಅದನ್ನು ಮದ್ದಿನ ತೋಟವೆನ್ನಲು ಮನಸ್ಸು ಒಪ್ಪೀತೆ? ಅರಸರ ಸುರಂಗದಷ್ಟೇ ತಾಂಬಾದ ಬದುವೂ ನಮಗೆ ಪಾಠ ಹೇಳುತ್ತಿದೆ.